ಎತ್ತರದ ಹಿಡಿಕೆ

ಎರಡನೆಯ ಬಾಬಾಗಾಡಿಯನ್ನೂ ದ್ವಾರಕಾ ಕಾಲಿನಿಂದಲೇ ಹಿಂದಕ್ಕೆ ನೂಕಿದಳು. "ಇದು ಬ್ಯಾಡ."

ಸೊಲ್ಲಾಪುರದ ನವಿ ಪೇಠದ ಅಂಗಡಿ. ಕೂಸನ್ನು ಮಲಗಿಸಿ ತಳ್ಳುವ ಮೂರು ಗಾಲಿಯ ಈ ಗಾಡಿಗಳು ಮುಂಬಯಿಯಿಂದ ಆ ವರ್ಷವಷ್ಟೇ ಬರತೊಡಗಿದ್ದವು. ಅಂಗಡಿಯ ಬಂಡೆಪ್ಪನಿಗೆ ಅವುಗಳ ಮೇಲೆ ತಾನೇ ಹೆತ್ತಷ್ಟು ಅಭಿಮಾನ.

"ಇದರಾಗೇನ ಹುಳುಕ ಐತ್ರಿ ವೈನಿ?"

"ಬಣ್ಣ ಚಲೋ ಇಲ್ಲ."

ಬಣ್ಣ ಚೆನ್ನಾಗಿಯೇ ಇತ್ತು. ತೊಂದರೆ ಅದೇ. ಗಾಡಿಯಲ್ಲಿ ಮಲಗುವ ಕೂಸು ದ್ವಾರಕಾಳದಲ್ಲ, ಅವಳ ನೆಗೆಣ್ಣಿ ಮನೀಷಾಳದು. ಮೈದುನನ ಕೈ ಹಿಡಿದು ಬಂದ ಮರುವರ್ಷವೇ ಗಂಡು ಹೆತ್ತವಳು ಮನೀಷಾ. ಈಗ ಅಕ್ಕಲಕೋಟೆಯ ತವರಿನಲ್ಲಿ ಎರಡನೆಯ ಬಾಣಂತನ, ಹೆಣ್ಣು ಕೂಸು. ದ್ವಾರಕಾ ಹಿರಿಸೊಸೆ. ಅವಳ ಕೋಣೆಯ ತೊಟ್ಟಿಲ ಕೊಂಡಿಗೆ ಇನ್ನೂ ಹಗ್ಗ ಬಿದ್ದಿರಲಿಲ್ಲ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಯಾಕೆ?

ಅದಕ್ಕೆ ಕಾರಣವೂ ಇತ್ತೆನ್ನಿ. ಹಿಂದಿನ ವರ್ಷ ಅಕ್ಕಲಕೋಟೆಯ ಗುಡಿಯಲ್ಲಿ, ಆಲದ ಮರದ ಕೆಳಗೆ ನಿಂತು, "ನನ್ನ ಉಡ್ಯಾಗ ಒಂದ ಕೂಸು ಹಾಕೋ ಸ್ವಾಮೀ" ಎಂದು ಅತ್ತು ಬೇಡಿದವಳು ದ್ವಾರಕಾ. ಪಕ್ಕದಲ್ಲಿ ಕಾಯಿ-ಹೂವಿನ ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದವಳು ಮನೀಷಾ. ಬಸಿರಾದವಳೂ ಮನೀಷಾ! ದೇವರು ಮನೆ ಸರಿಯಾಗಿ ಹಿಡಿದ, ಕೋಣೆ ತಪ್ಪಿದ ಎಂದು ದ್ವಾರಕಾ ಹಲ್ಲು ಕಡಿದಿದ್ದಳು.

ಸಾಲದ್ದಕ್ಕೆ, ಹೆತ್ತ ದಿನ ಆಸ್ಪತ್ರೆಯಲ್ಲಿ ಮನೀಷಾ ಕೂಸನ್ನು ಮೊದಲು ಇವಳ ಕೈಗೇ ಕೊಟ್ಟಿದ್ದಳು. "ನೋಡ್ರಿ ಅಕ್ಕಾ, ಬೆರಳು ಥೇಟ್ ನಿಮ್ಮಂಗ ಉದ್ದ ಅದಾವ." ಉಂಡವರು ಹಸಿದವರ ಮುಂದೆ ತೇಗುವುದೆಂದರೆ ಇದೇ. ಮೊನ್ನೆ ಫೋನಿನಲ್ಲಿ ಮತ್ತೆ ಶುರು. "ಹೆಸರು ನೀವ ಹೇಳ್ರಿ ಅಕ್ಕಾ. ಗಾಡೀನೂ ನೀವ ಆರಿಸ್ರಿ. ಬ್ಯಾರೆ ಯಾರು ಆರಿಸಿದ್ರೂ ನಾ ಒಲ್ಲೆ."

ಸುರಭಿ ಎಂಬ ಹೆಸರನ್ನು ದ್ವಾರಕಾ ವರ್ಷಗಟ್ಟಲೆ ತನ್ನ ಮಗಳಿಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದನ್ನು ನುಂಗಿಕೊಂಡು, "ನನಗೇನೂ ಹೊಳೀವಲ್ದು" ಎಂದು ಫೋನ್ ಇಟ್ಟುಬಿಟ್ಟಿದ್ದಳು.

"ಹಿಡಿಕಿ ಎತ್ತರ ನೋಡಿ ತಗೋರಿ," ಎಂದ ಬಂಡೆಪ್ಪ. "ಗಿಡ್ಡ ಇದ್ದವರಿಗೆ ಗಿಡ್ಡ, ಉದ್ದ ಇದ್ದವರಿಗೆ ಉದ್ದ. ತಾಯಿ ಎಷ್ಟ ಎತ್ತರ ಅದಾರ?"

ದ್ವಾರಕಾಳ ಗಂಡ ಅವಿನಾಶ ಬಾಯಿ ತೆರೆದ, ಹೆಂಡತಿಯ ಕಡೆ ನೋಡಿದ, ಮುಚ್ಚಿದ. ತಮ್ಮನ ಹೆಂಡತಿಯ ಎತ್ತರ ಹೇಳಲು ನಾಚಿಕೆ ಎಂದುಕೊಂಡಳು ದ್ವಾರಕಾ.

"ನೀನ ಒಮ್ಮೆ ದಬ್ಬಿ ನೋಡು," ಎಂದ ಅವನು ಮೆಲ್ಲಗೆ.

"ನಾ ಯಾಕ ನೋಡ್ಲಿ? ದಬ್ಬಾಕಿ ಆಕಿ."

ಅಷ್ಟರಲ್ಲಿ ಅವಳ ಕಣ್ಣು ಮೂಲೆಯಲ್ಲಿದ್ದ ಗಾಡಿಯ ಮೇಲೆ ಬಿತ್ತು. ಎಲ್ಲಕ್ಕಿಂತ ಎತ್ತರದ ಹಿಡಿಕೆ. ಮನೀಷಾ ದ್ವಾರಕಾಳ ಭುಜಕ್ಕೆ ಬರುವಷ್ಟು ಕುಳ್ಳಿ. ಈ ಗಾಡಿ ತಳ್ಳಬೇಕಾದರೆ ಹಗ್ಗದ ಮೇಲೆ ಬಟ್ಟೆ ಒಣಹಾಕುವವಳಂತೆ ಕೈ ಎತ್ತಬೇಕು. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗಬೇಕು. ದ್ವಾರಕಾಳಿಗೆ ಎಷ್ಟೋ ತಿಂಗಳ ಮೇಲೆ ಮನಸ್ಸು ತಂಪಾಯಿತು.

"ಇದ ಕಟ್ರಿ."

"ಇದ ಬೇಕು?" ಅವಿನಾಶ ಅವಳನ್ನೇ ದಿಟ್ಟಿಸಿದ. ಅವನ ಮುಖ ಯಾಕೋ ಅರಳಿತು. ತಮ್ಮನ ಕೂಸಿಗೆ ಗಾಡಿ ಸಿಕ್ಕಿದ್ದಕ್ಕೇ ಇಷ್ಟು ಹಿಗ್ಗು! ದ್ವಾರಕಾಳಿಗೆ ಮತ್ತೆ ಉರಿಯಿತು.

ಹೆಸರಿಡುವ ದಿನ ಗಾಡಿಯನ್ನು ಜೀಪಿನ ಮೇಲೆ ಕಟ್ಟಿಕೊಂಡು ಮನೆಮಂದಿಯೆಲ್ಲ ಅಕ್ಕಲಕೋಟೆಗೆ ಹೋದರು. ದಾರಿಯುದ್ದಕ್ಕೂ ದ್ವಾರಕಾ ಒಂದೇ ಚಿತ್ರ ಕಾಣುತ್ತಿದ್ದಳು: ಮನೀಷಾ, ಎತ್ತಿದ ಎರಡು ಕೈ, ನಗುವ ಹೆಂಗಸರು.

ತೊಟ್ಟಿಲಿನ ಸುತ್ತ ಹೆಂಗಸರು ನೆರೆದಿದ್ದರು. ದ್ವಾರಕಾ ಬೇಕೆಂದೇ ಬಾಗಿಲ ಬಳಿ ನಿಂತಳು. ಮನೀಷಾ ಬಿಡಲಿಲ್ಲ.

"ಬರ್ರಿ ಅಕ್ಕಾ, ಕೂಡ್ರಿ. ಉಡಿ ಒಡ್ರಿ."

ಮುತ್ತೈದೆಗೆ ಕೊಡುವ ಅಕ್ಕಿ, ಕಾಯಿ, ಕುಪ್ಪಸದ ಕಣ. ಎಷ್ಟು ಮನೆಗಳಲ್ಲಿ ತುಂಬಿಸಿಕೊಂಡಿರಲಿಲ್ಲ! ದ್ವಾರಕಾ ಮಣೆಯ ಮೇಲೆ ಕುಳಿತು, ಅತ್ತ ಮುಖ ತಿರುಗಿಸಿ ಸೆರಗು ಒಡ್ಡಿದಳು.

ಉಡಿ ಭಾರವಾಯಿತು. ಬೆಚ್ಚಗಾಯಿತು. ಅಲುಗಾಡಿತು.

ಕೆಳಗೆ ನೋಡಿದರೆ ಕೂಸು. ಉದ್ದ ಬೆರಳುಗಳಿಂದ ಅವಳ ತಾಳಿಯನ್ನು ಹಿಡಿದಿತ್ತು.

"ಆವತ್ತ ಆಲದ ಮರದ ಕೆಳಗ ನೀವು ಅತ್ತಾಗ ನಾನೂ ಬೇಡ್ಕೊಂಡಿದ್ದೆ," ಎಂದಳು ಮನೀಷಾ. "ಇನ್ನೊಂದ ಹುಟ್ಟಿದ್ರ ಅದು ಅಕ್ಕನ ಉಡೀಗೆ ಅಂತ. ಹಾಲು ನಂದು, ಕೂಸು ನಿಮ್ದು. ಈಗರ ಹೆಸರ ಹೇಳ್ರಿ."

ದ್ವಾರಕಾ ಅತ್ತೆ ರತ್ನಾಬಾಯಿಯತ್ತ ನೋಡಿದಳು. ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕೊಡೋ ಕೂಸಿನ ಮಾತು ಉಡಿಗಿ ಬೀಳೂತನಕ ಆಡಬಾರದವ್ವಾ, ದೃಷ್ಟಿ ಆಗತೈತಿ. ನಮ್ಮ ಮನಿ ಪದ್ಧತಿ. ನಿನ್ನ ಗಂಡನ ಬಾಯಿ ಹೊಲಿದ ಇಡೂದ್ರಾಗ ನನಗ ಸಾಕಾತು."

"ಸುರಭಿ," ಎಂದಳು ದ್ವಾರಕಾ. ಆಮೇಲೆ ಅಳು ತಡೆಯಲಿಲ್ಲ. ಸಂತೋಷಕ್ಕೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ಕೂಸನ್ನು ಎದೆಗೊತ್ತಿ ಗಾಡಿಯ ಬಳಿ ಹೋಗಿ ಮಲಗಿಸಿದಳು. ಹಿಡಿಕೆ ತಾನಾಗಿ ಕೈಗೆ ಬಂತು, ಹೇಳಿ ಮಾಡಿಸಿದಂತೆ.

ಪಕ್ಕಕ್ಕೆ ಬಂದ ಮನೀಷಾ ತಾನೂ ಹಿಡಿಯಲು ಹೋಗಿ ಎರಡೂ ಕೈ ಮೇಲೆತ್ತಿದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವಳೂ ನಕ್ಕಳು.

"ಖರೇ ಹೇಳ್ರಿ ಅಕ್ಕಾ, ಯಾರು ಬಾಯಿ ಬಿಟ್ರು? ಕೂಸು ನಿಮ್ದ ಅಂತ ಮೊದಲ ಗೊತ್ತಿರಲಿಲ್ಲಂದ್ರ, ಇಷ್ಟ ಸರಿಯಾಗಿ ನಿಮ್ಮ ಅಳತೀದ ಹ್ಯಾಂಗ ಆರಿಸಿದ್ರಿ?"