ಕೇಳದೆ ಮಾರಿದ ಹಾಯಿನೌಕೆ

ಕಾರು ಪೂರ್ತಿ ನಿಲ್ಲುವ ಮೊದಲೇ ಮೃತ್ಯುಂಜಯ ಬಾಗಿಲು ತೆಗೆದು ಇಳಿದ. ಹೆಂಡತಿ ಭಾನುಮತಿ ಎಂಜಿನ್ ಆರಿಸಿ ಹಾಗೇ ಕೂತಳು. ತಡೆಯಲಿಲ್ಲ, ಜೊತೆಗೂ ಬರಲಿಲ್ಲ.

ಮೌಂಟ್ ರಾಸ್ಕಿಲ್‌ನ ಆ ಮನೆ ಸಮೀಉಲ್ಲಾನದು. ಕಾರವಾರದ ಗೆಳೆಯರಿಬ್ಬರೂ ನ್ಯೂಜಿಲೆಂಡಿಗೆ ಬಂದ ಹೊಸದರಲ್ಲಿ ಕೂಡಿ ಒಂದು ಹಳೆಯ ಹಾಯಿನೌಕೆ ಕೊಂಡು ‘ಕಡಲಹಕ್ಕಿ’ ಎಂದು ಹೆಸರಿಟ್ಟಿದ್ದರು. ಪ್ರತಿ ಚಳಿಗಾಲ ಪ್ರವಾಸಿಗಳನ್ನು ಅದರಲ್ಲೇ ಇರಿಸಿಕೊಂಡು ಟೋಂಗಾದ ಹವಳದ ದ್ವೀಪಗಳನ್ನು ಸುತ್ತುವುದು, ಡೈವಿಂಗ್ ಮಾಡಿಸುವುದು, ಮರಿ ಹಾಕಲು ಬರುವ ತಿಮಿಂಗಿಲಗಳನ್ನು ತೋರಿಸುವುದು. ಚುಕ್ಕಾಣಿ ಮೃತ್ಯುಂಜಯನದು; ಅತಿಥಿಗಳ ಊಟೋಪಚಾರ ಸಮೀಉಲ್ಲಾನದು. ಒಬ್ಬರ ಮಾತನ್ನು ಇನ್ನೊಬ್ಬರು ಮೀರಿದ್ದಿಲ್ಲ.

2007ರ ಡಿಸೆಂಬರಿನ ಆ ಬೆಳಿಗ್ಗೆ ಬಂದರಿಗೆ ಹೋದರೆ, ಕಡಲಹಕ್ಕಿಯ ಮೈಮೇಲೆ ಬೇರೆ ಹೆಸರು. ಮೇಲೆ ಯಾರೋ ಬಿಳಿಯನೊಬ್ಬ ಹಗ್ಗ ಸುತ್ತುತ್ತಿದ್ದ. ಮೃತ್ಯುಂಜಯನಿಗೆ ಅವನ ಗುರುತಿಲ್ಲ. ಆತ ಮಾತ್ರ “ಗುಡ್ ಮಾರ್ನಿಂಗ್, ಜಯ್” ಎಂದು ಕೈಯೆತ್ತಿದ. ದೋಣಿಯನ್ನು ಸಮೀಉಲ್ಲಾನಿಂದ ಕೊಂಡೆನೆಂದು ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದ.

ಇವನಿಗೆ ತನ್ನ ಹೆಸರೂ ಗೊತ್ತು. ಬೆನ್ನ ಹಿಂದೆ ಎಷ್ಟು ದಿನದಿಂದ ನಡೆದಿತ್ತೋ ಈ ವ್ಯವಹಾರ.

ಬೆಲ್ ಒತ್ತುವಷ್ಟರಲ್ಲಿ ಸಮೀಉಲ್ಲಾನ ಹೆಂಡತಿ ಸಾದಿಯಾ ಬಾಗಿಲು ತೆರೆದಳು. ಮೇಜಿನ ಮೇಲೆ ಚಹಾ ಆಗಲೇ ಸಿದ್ಧವಿತ್ತು.

“ದೋಣಿ ಮಾರಿದ್ಯಾ?”

“ಮಾರಿದೆ ಅಣ್ಣ,” ಎಂದ ಸಮೀಉಲ್ಲಾ.

“ನನ್ನನ್ನ ಒಂದು ಮಾತು ಕೇಳದೆ?”

“ಕೇಳಿದ್ದೆ.”

“ಸುಳ್ಳು. ನನ್ನ ಸಹಿ ಇಲ್ಲದೆ ಹೆಂಗೆ ಮಾರ್ತೀಯ?”

“ಸಹಿ ಇದೆ.”

“ಹಾಗಾದ್ರೆ ಅದನ್ನೂ ನೀನೇ ಹಾಕಿದೀಯ.”

ಸಮೀಉಲ್ಲಾ ಕಿಟಕಿಯ ಕಡೆ ಮುಖ ತಿರುಗಿಸಿದ. ಬಿರುಗಾಳಿಯಲ್ಲಿ ನೀರಿಗೆ ಬಿದ್ದ ಇದೇ ಸಮೀಉಲ್ಲಾನನ್ನು ಮೃತ್ಯುಂಜಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಧುಮುಕಿ ಎಳೆದು ತಂದಿದ್ದ. ಆ ಮನುಷ್ಯ ಉಂಡ ಮನೆಗೆ ಎರಡು ಬಗೆದಿದ್ದ.

“ಹವಳದ ದಿಬ್ಬಗಳ ನಡುವಿನ ದಾರಿ ಗೊತ್ತಿರೋದು ನನಗೆ. ನಾನಿಲ್ಲದೆ ಆ ದೋಣಿ ಎಲ್ಲಿಗೆ ಹೋಗತ್ತೆ?” ಎಂದು ಮೃತ್ಯುಂಜಯ ಕುರ್ಚಿಯಲ್ಲಿ ಕೂತ.

ಒಳಗಿನಿಂದ ಸಮೀಉಲ್ಲಾನ ಮಗಳು ಜೋಯಾ ಬಂದಳು. ಮೃತ್ಯುಂಜಯನಿಂದಲೇ ಡೈವಿಂಗ್ ಕಲಿತು, ಅದೇ ದೋಣಿಯಲ್ಲಿ ಕೆಲಸಕ್ಕಿದ್ದವಳು. ಅವನ ಮುಂದೆ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು.

“ಅಂಕಲ್, ಲಾಸ್ಟ್ ಟ್ರಿಪ್‌ನಲ್ಲಿ ಲಂಗರು ಹವಳಕ್ಕೆ ಸಿಕ್ಕಿಹಾಕ್ಕೊಂಡಿತ್ತು. ಬಿಡಿಸೋಕೆ ನನ್ನನ್ನ ಕೆಳಗೆ ಕಳಿಸಿದ್ರಿ. ಬಿಡಿಸಿ ಮೇಲೆ ಬಂದಾಗ ದೋಣಿ ಇರಲಿಲ್ಲ.”

“ಇರಲಿಲ್ಲ ಅಂದ್ರೆ?”

“ಗೆಸ್ಟ್‌ಗಳೆಲ್ಲ ಮಲಗಿದ್ರು. ಅಬ್ಬಾ ಸಾಮಾನು ತರೋಕೆ ದ್ವೀಪಕ್ಕೆ ಹೋಗಿದ್ರು. ನೀವು ಹಾಯಿ ಬಿಚ್ಚಿ ಹೊರಟುಬಿಟ್ರಿ. ಸಂಜೆ ಮೀನಿನ ದೋಣಿಯವರು ನನ್ನನ್ನ ಎತ್ಕೊಂಡ್ರು. ನೀವು ದ್ವೀಪಕ್ಕೆ ಬಂದಾಗ ಜೋಯಾ ಎಲ್ಲಿ ಅಂತ ಅಬ್ಬಾ ಕೇಳಿದ್ರೆ, ಈ ಸಲ ಅವಳು ಬಂದೇ ಇಲ್ವಲ್ಲ ಅಂದ್ರಂತೆ.”

ಮೃತ್ಯುಂಜಯ ನೆನಪಿನಲ್ಲಿ ತಡಕಾಡಿದ. ನೀಲಿ ನೀರು, ತಿಮಿಂಗಿಲದ ಉಸಿರು. ಅಲ್ಲೆಲ್ಲೂ ಈ ಹುಡುಗಿ ಇರಲಿಲ್ಲ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಕೂಡಿಯೇ ತನ್ನನ್ನು ಹೊರಗಿಟ್ಟಿದ್ದರು.

“ಇಷ್ಟು ದೊಡ್ಡ ವಿಷಯ. ನನಗೆ ಯಾಕಮ್ಮ ಯಾರೂ ಹೇಳಲಿಲ್ಲ?”

ಜೋಯಾ ಹಿಡಿದ ಕೈ ಬಿಡಲಿಲ್ಲ. “ನಿನ್ನೆಯೂ ಇಲ್ಲೇ ಕೂತು ಹೇಳಿದ್ದೆ ಅಂಕಲ್. ಮೊನ್ನೆಯೂ.”