ಅತ್ತಿಗೆ ಆರಿಸಿದ ಕಾರು

"ಇದೂ ಬೇಡ" ಎಂದಳು ಆಕೆ.

ಹಲ್ಲಿನ ಡಾಕ್ಟರು ಎತ್ತಿದ್ದ ಬಾನೆಟ್ಟನ್ನು ಧಡ್ಡೆಂದು ಮುಚ್ಚಿದರು. ಹಳೆಯ ಕಾರು ಮಾರುವ ಆ ಬಯಲಿನಲ್ಲಿ ಬೆಳಗಿನಿಂದ ಸುತ್ತಿದ್ದೇ ಸುತ್ತಿದ್ದು.

"ಅತ್ತಿಗೆ, ಇದು ಜಪಾನಿ ಗಾಡಿ. ವರ್ಷಗಟ್ಟಲೆ ಮೂಲೇಲಿ ನಿಲ್ಲಿಸಿ ಬಂದು ಕೀ ತಿರುಗಿಸಿದ್ರೂ ಗುರ್ ಅನ್ನತ್ತೆ. ಇನ್ನೇನು ಬೇಕು ನಿಮಗೆ?"

ಆಕೆ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೋಡೋಣ. ಅವಸರ ಏನಿದೆ?"

"ಡಾಕ್ಟ್ರೇ, ಅದು ಗಾಡಿನಾ, ಫ್ರಿಜ್ಜಾ? ಸದ್ದಿಲ್ಲ, ಸುದ್ದಿಯಿಲ್ಲ" ಎಂದು ಫೋಟೋಗ್ರಾಫರ್ ನಕ್ಕ. "ಜರ್ಮನ್ ಗಾಡಿ ಬಾಗಿಲು ಮುಚ್ಚಿ ನೋಡಿ. ಆ ಸದ್ದಿಗೇ ಅರ್ಧ ಬೆಲೆ ಕೊಡಬಹುದು."

"ಉಳಿದರ್ಧ ಪ್ರತಿ ತಿಂಗಳೂ ಗ್ಯಾರೇಜಿನವನಿಗೆ ಕೊಡು."

ಇಬ್ಬರೂ ಆಕೆಯ ಗಂಡನ ಗೆಳೆಯರು. ಭಾನುವಾರ ಬಂತೆಂದರೆ ಮೂವರೂ ಯಾರದಾದರೊಂದು ಕಾರಿನ ಸುತ್ತ ನಿಂತು ಜಗಳವಾಡಬೇಕು. ಇಲ್ಲದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಈಚೆಗೆ ಗಂಡ ಅತ್ತ ಹೋಗುವುದನ್ನೇ ಬಿಟ್ಟಿದ್ದ.

"ಅಣ್ಣ ಯಾಕೆ ಬರ್ತಾ ಇಲ್ಲ? ನಮ್ಮ ಕಡೆ ದಾರೀನೇ ಮರೆತುಬಿಟ್ರಾ?" ಎಂದು ಕೇಳಿದ ಫೋಟೋಗ್ರಾಫರ್.

"ಸೊಂಟ ನೋವು" ಎಂದಳು ಆಕೆ, ತುಸು ಬೇಗನೆ.

"ಏನೇ ಹೇಳಿ, ಆ ಹಳೇ ಗಾಡಿ ಮಾರಬಾರದಿತ್ತು" ಎಂದರು ಡಾಕ್ಟರು. "ಬ್ರೇಕ್ ಹಿಡೀಲಿಲ್ಲ ಅಂತ ಅಣ್ಣ ಅಂದ್ರಂತೆ. ನಾನೇ ಓಡಿಸಿ ನೋಡಿದ್ದೆ, ಬ್ರೇಕ್ ಚೆನ್ನಾಗೇ ಇತ್ತು."

"ಗೋಡೆಗೆ ಗುದ್ದಿದ್ದಂತೂ ಸುಳ್ಳಲ್ಲವಲ್ಲ" ಎಂದಳು ಆಕೆ.

ಅಂದು ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು. ಹಣೆ ಊದಿದ್ದು ಬಿಟ್ಟರೆ ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಆಕೆಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಮಗಳು ಕೆಲಸಕ್ಕೆ ಹೊರಡುವಾಗ ಮಗುವನ್ನು ಇವರ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಮನೆಗೆ ಯಾವ ಕಾರು ಬಂದರೂ ಮಗು ಮೊದಲು ಅದಕ್ಕೇ ಹತ್ತುವುದು. ಹಾಗೆಂದು ಕಾರಿಲ್ಲದೆಯೂ ಸಾಗುವಂತಿರಲಿಲ್ಲ. ಖಾಲಿ ಅಂಗಳ ನೋಡುತ್ತ ಗಂಡ ಊಟ ಬಿಟ್ಟಿದ್ದ. ಮಗುವಿಗೆ ಏನೂ ಆಗಬಾರದು, ಆತನೂ ಕೊರಗಬಾರದು. ಅಂಥ ಕಾರು ಯಾವುದು?

ಬ್ಯಾಗಿನಲ್ಲಿದ್ದ ಫೋನ್ ರಿಂಗಾಯಿತು. ಗಂಡ.

"ಕಾರಿನ ಕೀ ಎಲ್ಲಿಟ್ಟಿದ್ದೀಯ?"

"ಬಂದು ಹುಡುಕಿಕೊಡ್ತೀನಿ. ನೀವು ಸುಮ್ಮನೆ ಕೂತಿರಿ."

ಫೋನ್ ಇಡುವಾಗ ಆಕೆಯ ಕಣ್ಣು ಬೇಲಿಯ ಪಕ್ಕದ ಬೂದು ಬಣ್ಣದ ಕಾರಿನ ಮೇಲೆ ಬಿತ್ತು. ಚಕ್ರಗಳ ಸುತ್ತ ಹುಲ್ಲು ಬೆಳೆದಿತ್ತು.

"ಅದು?"

"ಅದರ ಕಡೆ ನೋಡಲೂಬೇಡಿ" ಎಂದ ಫೋಟೋಗ್ರಾಫರ್. "ಕೂತ ಕೋಣ. ಡೀಸೆಲ್ ಪಂಪ್ ಸತ್ತಿದೆ. ಮಾಡಿದ ಕಂಪನಿನೇ ಬಾಗಿಲು ಹಾಕ್ಕೊಂಡು ಹೋಗಿದೆ. ಬೇರೆ ಯಾವ ಪಂಪೂ ಅದಕ್ಕೆ ಕೂರಲ್ಲ."

"ಅಂದ್ರೆ ಓಡೋದೇ ಇಲ್ವಾ?"

"ತಳ್ಳಿದ್ರೆ ಓಡತ್ತೆ."

ಆಕೆ ಕಾರನ್ನು ಒಂದು ಸುತ್ತು ಬಂದಳು. "ಇದನ್ನೇ ಕೊಡಿಸಿ."

"ಅತ್ತಿಗೆ, ತಮಾಷೆ ಮಾಡಬೇಡಿ."

"ಅವರ ಮೊದಲನೇ ಗಾಡಿ ಇದೇ ಮಾಡೆಲ್" ಎಂದಳು ಆಕೆ. ಅದು ಅಲ್ಲಿಯೇ ಹುಟ್ಟಿದ ಸುಳ್ಳು. "ಕಣ್ಣೆದುರು ನಿಂತಿದ್ರೆ ಸಾಕು, ಖುಷಿಪಡ್ತಾರೆ."

ಗೆಳೆಯರು ಮುಖ ಮುಖ ನೋಡಿಕೊಂಡರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹಗ್ಗ ಕಟ್ಟಿ ಕಾರನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದೂ ಅವರಿಬ್ಬರೇ.

ಗಂಡನಿಗೆ ಹೋದ ಜೀವ ಬಂದಂತಾಯಿತು. ಹೊತ್ತು ಹುಟ್ಟಿದರೆ ಬಾನೆಟ್ಟಿನೊಳಗೆ ತಲೆ. ತುಕ್ಕು ಕೆರೆದ, ತಂತಿಗಳನ್ನು ಬದಲಾಯಿಸಿದ, ಹೊಸ ಬ್ಯಾಟರಿ ಕೂರಿಸಿದ. ಊಟಕ್ಕೆ ಕರೆದರೆ ಕೈಯ ಮಸಿಯೊಂದಿಗೇ ಬಂದು ಕೂತು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಸಂಜೆ ಮೊಮ್ಮಗಳು ಪಕ್ಕದಲ್ಲಿ ಕೂತು ಬಾಯಲ್ಲೇ ಡುರ್ ಎನ್ನುತ್ತಿದ್ದಳು. ಆತ ಸ್ಟೀರಿಂಗ್ ತಿರುಗಿಸುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತ ಆಕೆ ನಿರಾಳವಾಗಿ ಉಸಿರು ಬಿಡುತ್ತಿದ್ದಳು. ನಿದ್ದೆಯೂ ಮರಳಿ ಬಂದಿತ್ತು.

ಒಂದು ಮಧ್ಯಾಹ್ನ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆಕೆ ಔಷಧಿ ಅಂಗಡಿಗೆ ಹೋದಳು. ಅಲ್ಲಿ ಜನವೋ ಜನ. ಮರಳಿ ಬರುವಾಗ ಡಾಕ್ಟರೂ ಫೋಟೋಗ್ರಾಫರನೂ ಗೇಟಿನಲ್ಲಿ ನಿಂತಿದ್ದರು. ಮೊಣಕೈವರೆಗೆ ಮಸಿ, ಕಿವಿಯಿಂದ ಕಿವಿಗೆ ನಗು. ಅವರ ಹಿಂದಿನ ಅಂಗಳ ಖಾಲಿಯಾಗಿತ್ತು.

"ಕೊನೆಗೂ ಸಿಕ್ತು ಅತ್ತಿಗೆ, ಪಂಪ್!" ಎಂದರು ಡಾಕ್ಟರು. "ಅವತ್ತು ನೀವು ಹಾಗಂದ ಮೇಲೆ ನಮಗೆ ಕೂತಲ್ಲಿ ಕೂರಲಾಗ್ಲಿಲ್ಲ. ಯಾವ ಗುಜರಿನೂ ಬಿಟ್ಟಿಲ್ಲ, ಎಲ್ಲಾ ಜಾಲಾಡಿದ್ವಿ."

"ಉಳಿದಿದ್ದನ್ನೆಲ್ಲ ಅಣ್ಣ ರೆಡಿ ಮಾಡಿಟ್ಟಿದ್ರು" ಎಂದ ಫೋಟೋಗ್ರಾಫರ್. "ಆ ಕೈ ನೋಡ್ಬೇಕಿತ್ತು ನೀವು, ಒಂದು ಬೋಲ್ಟೂ ತಪ್ಪಲಿಲ್ಲ. ನಮ್ಮನ್ನ ನೋಡಿ, ಹೊಸದಾಗಿ ಸೇರಿದ ಮೆಕ್ಯಾನಿಕ್‌ಗಳಾ ಅಂತ ತಮಾಷೆ ಬೇರೆ!"

"ಅವರೆಲ್ಲಿ?"

"ಒಂದು ಸುತ್ತು ಹಾಕ್ಕೊಂಡು ಬರ್ತೀನಿ ಅಂದ್ರು. ಎಂಜಿನ್ ಸದ್ದಿಗೆ ಪುಟ್ಟಿನೂ ಪಕ್ಕದ ಮನೆಯಿಂದ ಓಡಿ ಬಂದು ಹತ್ತಿಬಿಟ್ಲು."

"ನೀವ್ಯಾಕೆ ಜೊತೇಲಿ ಹೋಗಲಿಲ್ಲ?"

"ಅಣ್ಣನಿಗೆ ನಾವು ದಾರಿ ತೋರಿಸೋದಾ?" ಎಂದು ಫೋಟೋಗ್ರಾಫರ್ ನಕ್ಕ. ಆಕೆಯ ಮುಖ ನೋಡಿ ಆ ನಗು ಅರ್ಧಕ್ಕೇ ನಿಂತಿತು. "ಹೋಗಿ... ಸ್ವಲ್ಪ ಹೊತ್ತೇ ಆಯ್ತು, ಅಲ್ವಾ ಡಾಕ್ಟ್ರೇ?"

ಆಕೆ ಗೇಟು ಹಿಡಿದು ನಿಂತಳು. ಬೀದಿಯ ಎರಡೂ ತುದಿ ಬರಿದಾಗಿದ್ದವು.

"ಇವತ್ತು ಬೆಳಿಗ್ಗೆ ಅವರು ನನ್ನನ್ನ ಕೇಳಿದ್ರು," ಎಂದಳು, "ಯಾರಮ್ಮಾ ನೀವು, ನನ್ನ ಹೆಂಡತಿ ಎಲ್ಲಿ, ಅಂತ."