ಅರಗಿನ ಕುದುರೆ

ಸಂಪತ್ ಕುಮಾರ ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ಕತ್ತು ಎಲ್ಲಾದರೂ ಬಾಗಿದೆಯೇ ಎಂದು ಉದ್ದಕ್ಕೂ ನೋಡಿದ. ಎದುರಿಗೆ ಅನಂತರಾಮು ಅವನ ಕಣ್ಣನ್ನೇ ಗಮನಿಸುತ್ತ ಕೂತಿದ್ದ. ಕತ್ತನ್ನು ಎಷ್ಟು ಬೇಕಾದರೂ ನೋಡಲಿ. ತಂತಿ ಬಿಗಿದ ಕುದುರೆಯ ಹತ್ತಿರ ಮಾತ್ರ ಅವನ ಕಣ್ಣು ಹೋಗಬಾರದು.

"ನೆಟ್ಟಗಿದೆ ಕಣೋ ಅನಂತು," ಎಂದ ಸಂಪತ್.

"ಇರದೆ ಏನು? ಯಾರೂ ಮುಟ್ಟಿಲ್ಲ."

ಅನಂತರಾಮು ಮಳವಳ್ಳಿಗೆ ಮೇಷ್ಟ್ರಾಗಿ ಬರುವ ಮೊದಲು ಇಬ್ಬರೂ ಮಂಡ್ಯದ ಒಂದೇ ಆರ್ಕೆಸ್ಟ್ರಾದಲ್ಲಿದ್ದವರು. ಸಂಪತ್ ಅದರ ಯಜಮಾನ. ಒಂದು ಗಣೇಶೋತ್ಸವದಲ್ಲಿ ಅನಂತರಾಮು ತಾಳ ತಪ್ಪಿದ. ಸಂಪತ್ ಹಾಡು ನಿಲ್ಲಿಸಿ, ಕಿಕ್ಕಿರಿದ ಜನರ ಮುಂದೆ, ಮೈಕಿನಲ್ಲೇ ಹೇಳಿದ: "ಕ್ಷಮಿಸಬೇಕು. ಗಿಟಾರೂ ಸೆಕೆಂಡ್ಸು, ನುಡಿಸೋನೂ ಸೆಕೆಂಡ್ಸು!"

ಜನ ಬಿದ್ದು ಬಿದ್ದು ನಕ್ಕರು. ಗಿಟಾರೇನೋ ಸೆಕೆಂಡ್ಸೇ. ಮುಖದ ಹಲಗೆಯಲ್ಲಿ ಮರದ ಗಂಟೊಂದು ಇದ್ದುದರಿಂದ ಕಲ್ಕತ್ತೆಯ ಕಾರ್ಖಾನೆಯವರು ಒಳಗೆ 'ಸೆಕೆಂಡ್ಸ್' ಎಂದು ಮುದ್ರೆ ಒತ್ತಿ ಅಗ್ಗಕ್ಕೆ ಬಿಟ್ಟಿದ್ದ ಮಾಲು. ಆದರೆ ಅಂದಿನಿಂದ ಮನುಷ್ಯನಿಗೂ ಆ ಮುದ್ರೆ ಬಿತ್ತು. ಮದುವೆ ಪಂಕ್ತಿಯಲ್ಲಿ 'ಸೆಕೆಂಡ್ಸ್ ಅನಂತು', ಕ್ಷೌರದಂಗಡಿಯಲ್ಲಿ 'ಸೆಕೆಂಡ್ಸ್ ಅನಂತು'. ಅವನು ಊರು ಬಿಟ್ಟ. ಗಿಟಾರು ಅಟ್ಟ ಸೇರಿತು. ಪುಟ್ಟ ಮಗಳು ಶ್ರೀಮತಿ ಒಮ್ಮೆ ಅದನ್ನು ಇಳಿಸಿ ತಂತಿ ಮೀಟಿದ್ದಕ್ಕೆ ಕೆನ್ನೆಗೆ ಬಾರಿಸಿದ್ದ. ಅವಳು ಕಾಲೇಜು ಓದಲು ಮಂಡ್ಯದ ಅತ್ತೆ ಪಂಕಜಮ್ಮನ ಮನೆ ಸೇರಿದ ಮೇಲೆ ಅದರ ಸುದ್ದಿ ಎತ್ತುವವರೂ ಇರಲಿಲ್ಲ.

ಹೋದ ವಾರ ಒಂದು ಮಾತು ಕಿವಿಗೆ ಬಿತ್ತು. ಸಂಪತ್ತನ ಗಿಟಾರು ಬಸ್ಸಿನ ಟಾಪಿನಿಂದ ಬಿದ್ದು ಚೂರಾಗಿದೆ; ಮದ್ದೂರಿನಲ್ಲಿ ಕಾರ್ಯಕ್ರಮ ನಿಗದಿಯಾಗಿಬಿಟ್ಟಿದೆ. ಅನಂತರಾಮು ಅಂದೇ ಮಂಡ್ಯದಲ್ಲಿ ಸಂಪತ್ ದಿನಾ ಹೋಗಿ ಕೂರುವ ವಾದ್ಯದಂಗಡಿಗೆ ಹೋಗಿ, ತನ್ನ ಗಿಟಾರು ಮಾರಾಟಕ್ಕಿದೆ ಎಂದು ಹೇಳಿ ಬಂದ. ಆಮೇಲೆ ಬಾಗಿಲು ಹಾಕಿಕೊಂಡು ಕೂತ. ತಂತಿಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವ ಕುದುರೆಯನ್ನು ಬಿಸಿ ಚಾಕುವಿನಿಂದ ಎಬ್ಬಿಸಿದ. ಹಳೆಯ ಗೋಂದು ಕೆರೆದು ಅರಗಿನಿಂದ ಅಂಟಿಸಿದ. ತಣ್ಣಗಿದ್ದಾಗ ಕಲ್ಲು. ಸ್ಟೇಜಿನ ದೀಪಗಳ ಕಾವು ತಾಗಿತೋ, ಮೆತ್ತಗಾಗಿ ಕಿತ್ತು ಹಾರುತ್ತದೆ. ಒಲೆಯ ಮುಂದೆ ಹಿಡಿದು ನೋಡಿಯೂ ಆಗಿತ್ತು. ತಂತಿ ಚಾಟಿಯಂತೆ ಬೀಸಿ ಮುಖಕ್ಕೆ ಹೊಡೆದರೆ ಹೊಡೆಯಲಿ. ಈ ಸಲ ನಗುವವನು ಬೇರೆ.

ಸಂಪತ್ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಬಿರಡೆಗಳನ್ನು ತಿರುಗಿಸಿ ಶ್ರುತಿ ಏರಿಸಿದ. ಕುದುರೆ ಅಲುಗಲಿಲ್ಲ.

"ತಂತಿ ತೀರಾ ಮೇಲಕ್ಕಿಲ್ಲ ತಾನೆ? ಬೆರಳು ನೋಯಬಾರದು."

ಇಷ್ಟು ವರ್ಷ ತಂತಿ ಒತ್ತಿ ಬೆರಳ ತುದಿ ಜಡ್ಡುಗಟ್ಟಿದವನಿಗೆ ಇದೆಂಥ ನಾಜೂಕು! "ಬೆಣ್ಣೆ ಇದ್ದ ಹಾಗಿದೆ," ಎಂದ ಅನಂತರಾಮು.

"ಭುಜದ ಪಟ್ಟಿ ಇನ್ನೂ ಗಿಡ್ಡ ಮಾಡಬಹುದಾ?"

ಆರಡಿ ಆಳು, ಮುಂದಕ್ಕೆ ಬಂದ ಹೊಟ್ಟೆ. ಅನಂತರಾಮು ಅವನ ಮುಖ ನೋಡಿದ. ಕಾರ್ಯಕ್ರಮದ ಗಾಬರಿಗೆ ತಲೆ ಕೆಟ್ಟಿರಬೇಕು. "ಎಷ್ಟು ಬೇಕಾದರೂ ಗಿಡ್ಡ ಮಾಡಿಕೋ."

ಹೆಂಡತಿ ಆಂಡಾಳ್ ಕಾಫಿ ತಂದಿಟ್ಟಳು. ಗಂಡನ ಮಾನ ಕಳೆದವನಿಗೆ ಬೆಳ್ಳಿ ಲೋಟ! ಸಂಪತ್ ಚೌಕಾಸಿ ಮಾಡದೆ ಹೇಳಿದಷ್ಟು ಹಣ ಎಣಿಸಿಟ್ಟ. ಗಿಟಾರನ್ನು ಮಗುವಿನ ಹಾಗೆ ಎದೆಗವಚಿಕೊಂಡು ಎದ್ದ.

"ಅನಂತು, ಅವತ್ತು ನಾನು ಆಡಿದ ಮಾತು..."

"ಹಳೇದೆಲ್ಲ ಈಗ ಯಾಕೆ, ಬಿಡು."

"ಸರಿ. ಸಂಜೆ ಮದ್ದೂರಿಗೆ ಇಬ್ಬರೂ ಬರಬೇಕು. ಮುಂದಿನ ಸಾಲಿನಲ್ಲಿ ಜಾಗ ಇಟ್ಟಿರ್ತೀನಿ."

"ತಪ್ಪಿಸ್ತೀನಾ? ಕಣ್ಣು ತುಂಬ ನೋಡೋದಿದೆ."

ಸಂಪತ್ ನಕ್ಕ. "ನೋಡುವೆಯಂತೆ."

ಸಂಜೆಯ ಬಸ್ಸಿಗೆ ಆಂಡಾಳ್ ಧಾರೆಯ ಸೀರೆ ಉಟ್ಟು ಹೊರಟಳು. "ಆರ್ಕೆಸ್ಟ್ರಾ ನೋಡೋಕೆ ಇಷ್ಟು ಅಲಂಕಾರವೇ?" ಎಂದ. "ನಿಮಗೇನು ಗೊತ್ತು," ಎಂದಳು. ಅವಳ ಉತ್ಸಾಹ ನೋಡಿ ಅವನಿಗೂ ಖುಷಿಯಾಯಿತು. ಈ ಹೊತ್ತಿಗೆ ಹೆಂಡತಿಯೂ ಸಾಕ್ಷಿಯಾಗಲಿ.

ಮದ್ದೂರಿನ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಎರಡು ಕಡೆಯೂ ದೊಡ್ಡ ದೊಡ್ಡ ದೀಪಗಳು. ಮುಂದಿನ ಸಾಲಿನವರೆಗೂ ಕಾವು ಬಡಿಯುತ್ತಿತ್ತು. ಅನಂತರಾಮು ಆ ಕಾವಿಗೆ ಮುಖವೊಡ್ಡಿ ಕೂತ. ಇಷ್ಟು ವರ್ಷ ಎದೆಯಲ್ಲಿದ್ದ ಮುಳ್ಳು ಈಗಲೋ ಆಗಲೋ ಹೊರಬೀಳುವಂತಿತ್ತು. ಎದ್ದು ನಿಂತು ಏನೆಂದು ಕೂಗಬೇಕು ಎಂಬುದನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಸಂಪತ್ ಬರಿಗೈಯಲ್ಲಿ ಮೈಕಿನ ಮುಂದೆ ಬಂದು ನಿಂತ.

"ಹಿಂದೆ ಇಂಥದೇ ಮೈಕಿನಲ್ಲಿ ಒಬ್ಬ ಒಳ್ಳೆಯ ಕಲಾವಿದನಿಗೆ ಅವಮಾನ ಮಾಡಿದೆ. ಇವತ್ತು ಅವನು ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಎಲ್ಲರೆದುರು ಕೈಮುಗಿದು ಅವನ ಕ್ಷಮೆ ಕೇಳ್ತೀನಿ. ಇವತ್ತು ನುಡಿಸೋದು ನಾನಲ್ಲ, ನನ್ನ ಶಿಷ್ಯೆ. ಇದು ಅವಳ ಮೊದಲ ಕಛೇರಿ. ಅಪ್ಪ ಗಿಟಾರು ಮಾರ್ತಾರಂತೆ ಅಂತ ಗೊತ್ತಾಗಿ, ಬೇರೆಯವರ ಪಾಲಾಗೋದು ಬೇಡ, ನುಡಿಸಿದರೆ ಅದರಲ್ಲೇ ಅಂತ ಹಟ ಹಿಡಿದಳು. ಇವತ್ತು ಬೆಳಿಗ್ಗೆ ನಾನೇ ಹೋಗಿ ತಂದುಕೊಟ್ಟೆ."

ಅನಂತರಾಮು ಎದ್ದು "ಬೇಡ!" ಎಂದು ಕೂಗಿದ, ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಉರಿಯುವ ದೀಪಗಳ ನಡುವೆ ಬಂದು ನಿಂತ ಅವನ ಮಗಳು ಶ್ರೀಮತಿ, ಅಪ್ಪನತ್ತ ನೋಡಿ ನಕ್ಕು, ಮುಖ ಬಗ್ಗಿಸಿ ತಂತಿ ಮೀಟಿದಳು.